ಬಲಗಾಲು ಮಾತ್ರ

ಭಾನುವಾರ ಬೆಳಿಗ್ಗೆ ಪೂಜೆಗೆ ಹೊರಡುವ ಮೊದಲು ಅಮ್ಮ ನಮ್ಮ ನಾಲಿಗೆ ನೋಡುತ್ತಿದ್ದಳು. ಅಂಗಳದಲ್ಲಿ ಬೆಳಕು ಸರಿಯಾಗಿ ಬೀಳುವ ಕಡೆ ನನ್ನನ್ನೂ ಅಕ್ಕ ಗ್ರೇಸಿಯನ್ನೂ ನಿಲ್ಲಿಸಿ, ಗಲ್ಲ ಹಿಡಿದು, ಬಾಯಿ ತೆರೆಸಿ ಒಳಗೆ ಇಣುಕುತ್ತಿದ್ದಳು. ಬಿಳಿ ಕಂಡರೆ ತೆಂಗಿನ ಗರಿಯ ಕಡ್ಡಿಯನ್ನು ಸೀಳಿ, ಬಿಲ್ಲಿನ ಹಾಗೆ ಬಗ್ಗಿಸಿ, ಇನ್ನೊಮ್ಮೆ ಕೆರೆಯಲು ಬಾವಿಕಟ್ಟೆಗೆ ಅಟ್ಟುತ್ತಿದ್ದಳು. ಇನ್ನೊಂದು ಗಂಟೆಯಲ್ಲಿ ಶಿರ್ವದ ಇಗರ್ಜಿಯಲ್ಲಿ ಆ ನಾಲಿಗೆಯ ಮೇಲೆ ಪಾದ್ರಿಗಳು ಪ್ರಸಾದ ಇಡುವವರು. ಅದು ನೋಡಲಿಕ್ಕೆ ತೆಳ್ಳಗಿನ ಬಿಳಿ ರೊಟ್ಟಿಯ ಚೂರು. ನಮಗೆ ಅದು ಯೇಸುವಿನ ದೇಹ. ದೇಹವೊಂದು ದೇಹದೊಳಗೆ ಬರುವಾಗ ದಾರಿ ಚೊಕ್ಕವಾಗಿರಬೇಕು ಎನ್ನುವುದರಲ್ಲಿ ಅಮ್ಮನಿಗೆ ಯಾವ ಗೂಢಾರ್ಥವೂ ಇರಲಿಲ್ಲ. ಅದು ಜಗಲಿ ಗುಡಿಸಿದಷ್ಟೇ ಸರಳ ಕೆಲಸ. ಶನಿವಾರ ಎಣ್ಣೆ ಸ್ನಾನ. ಬಚ್ಚಲಿನಲ್ಲಿ ದೊಡ್ಡ ಹಂಡೆಯ ನೀರು ಕುದಿಯುತ್ತಿರುವಾಗ ಅಮ್ಮ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿ, ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ತಲೆಯಿಂದ ಉಗುರಿನವರೆಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದಳು. ಕಿವಿಯ ಹಿಂದೆ, ಕಂಕುಳು, ಬೆರಳುಗಳ ಸಂದು, ಹೊಕ್ಕುಳು. ದೊಡ್ಡವನಾಗಿದ್ದೇನೆ ಎಂದು ನಾನು ಕೊಸರಾಡಿದರೆ ಹೇಳುತ್ತಿದ್ದಳು:

"ದೊತೊರ್ನಿನಲ್ಲಿ ಸಿಸ್ಟರ್ ಎಂತ ಕಲಿಸಿದ್ದು ನಿನಗೆ? ಮೈ ದೇವರ ಮನೆ ಅಂತ ಅಲ್ವಾ? ಮನೆ ನಿನ್ನದಲ್ಲ. ನೀನು ಒಕ್ಕಲಿನವ. ಸುಮ್ಮನೆ ಕೂತ್ಕೊ."

ದೊತೊರ್ನ್ ಎಂದರೆ ಭಾನುವಾರ ಪೂಜೆಯ ನಂತರ ಮಕ್ಕಳಿಗೆ ನಡೆಯುತ್ತಿದ್ದ ಧರ್ಮಪಾಠ. ಅಲ್ಲಿ ಕುಳಿತ ನಲವತ್ತು ಮಕ್ಕಳಲ್ಲಿ ಆ ಮಾತನ್ನು ಅಕ್ಷರಶಃ ಅನುಭವಿಸಿದವನು ನಾನೊಬ್ಬನೇ ಇರಬೇಕು, ಯಾಕೆಂದರೆ ನನ್ನ ಅಮ್ಮ ಅದನ್ನು ಅಕ್ಷರಶಃ ನಂಬಿದ್ದಳು. ನನ್ನ ಮೈಯ ವಿಷಯದಲ್ಲಿ ಮಾತ್ರ ನಂಬಿದ್ದಳು. ಅವಳ ಮೈಯೂ ಅದೇ ಲೆಕ್ಕಕ್ಕೆ ಬರುತ್ತದೆ ಎಂದು ಅವಳಿಗೆ ಯಾಕೆ ಹೊಳೆಯಲಿಲ್ಲ ಎನ್ನುವುದನ್ನು ನಾನು ಈ ವಯಸ್ಸಿನಲ್ಲೂ ಯೋಚಿಸುತ್ತಿದ್ದೇನೆ.

ಮುಂದೆ ಹೇಳುವುದಕ್ಕೆ ಮೊದಲು ಒಂದು ಮಾತು. ನಾನು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದವನು, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುತ್ತಾ ಅದನ್ನೇ ಕಲಿಸಿದವನು. ನೆನಪು ಪೆಟ್ಟಿಗೆಯಲ್ಲಿಟ್ಟ ಬಟ್ಟೆಯಲ್ಲ, ತೆಗೆದಾಗಲೆಲ್ಲ ಹೊಸದಾಗಿ ಹೊಲಿದುಕೊಳ್ಳುವುದು ಎಂದು ತರಗತಿಯಲ್ಲಿ ಪ್ರತಿ ವರ್ಷ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಆಡುತ್ತಿದ್ದದ್ದು ಕೊಂಕಣಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುವಾಗಲೇ ಅದು ಒಂದು ಸಲ ಬದಲಾಗಿರುತ್ತದೆ. ಗ್ರೇಸಿ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಇದರಲ್ಲಿ ಅರ್ಧವನ್ನು ಅವಳು ಒಪ್ಪುವುದಿಲ್ಲ. ಅವಳು ಒಪ್ಪದ ಅರ್ಧವೇ ನನಗೆ ಬೇಕಾದದ್ದು.

ನನಗೆ ಒಂಬತ್ತು ವರ್ಷವಾಗಿದ್ದಾಗ ಮೊಣಕಾಲು ಬಾತಿತು. ಎರಡು ದಿನ ಬಿಟ್ಟು ಆ ನೋವು ಪಾದದ ಗಂಟಿಗೆ ಇಳಿಯಿತು, ಆಮೇಲೆ ಮೊಣಕೈಗೆ ಹಾರಿತು. ಜ್ವರ ಬಿಡಲಿಲ್ಲ. ಅಜ್ಜಿ ಇದು ಬೆಳೆಯುವ ನೋವು ಎಂದಳು. ಅಮ್ಮ ಕೇಳಲಿಲ್ಲ. ಅಪ್ಪ ದುಬೈಯಲ್ಲಿದ್ದ, ಕೇಳಲು ಬೇರೆ ಯಾರೂ ಇರಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಸ್ಸು ಹತ್ತಿ, ಉಡುಪಿಯಲ್ಲಿ ಬಸ್ಸು ಬದಲಿಸಿ, ಮಣಿಪಾಲದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ನನ್ನ ಎದೆಗೆ ಸ್ಟೆಥಸ್ಕೋಪು ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಹೃದಯದ ಕವಾಟಕ್ಕೆ ಪೆಟ್ಟಾಗಿದೆ, ಒಂದು ಶಬ್ದ ಬರುತ್ತಿದೆ ಎಂದರು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಬೇಕು, ವರ್ಷಗಟ್ಟಲೆ, ಒಂದನ್ನೂ ತಪ್ಪಿಸಬಾರದು.

ಅಮ್ಮ ತಪ್ಪಿಸಲಿಲ್ಲ. ಇಗರ್ಜಿಯಿಂದ ಕೊಡುವ ಕ್ಯಾಲೆಂಡರಿನಲ್ಲಿ ಪ್ರತಿ ಇಪ್ಪತ್ತೊಂದನೆಯ ದಿನಕ್ಕೆ ಶಿಲುಬೆಯ ಗುರುತು ಹಾಕಿದಳು. ಆ ಮದ್ದು ಹಾಲಿನ ಹಾಗೆ ದಪ್ಪ. ಅಂಡಿಗೆ ಚುಚ್ಚಿದರೆ ಮೂರು ದಿನ ಕುಂಟಬೇಕು. ಬಸ್ಸಿನಲ್ಲಿ ನಾನು ಅಳುತ್ತಾ ಅವಳ ಮಡಿಲಲ್ಲಿ ಬೋರಲು ಮಲಗಿದರೆ, "ಹೃದಯ ಅಂದ್ರೆ ದೀಪ ಇಡುವ ಜಾಗ ಪುತಾ, ಅಲ್ಲಿ ಗೆದ್ದಲು ಹಿಡಿಯಲಿಕ್ಕೆ ಬಿಡ್ಲಿಕ್ಕುಂಟಾ?" ಎನ್ನುತ್ತಿದ್ದಳು. ಪಕ್ಕದಲ್ಲಿ ಕುಳಿತವರು ತಿರುಗಿ ನೋಡುತ್ತಿದ್ದರು. ನಾನು ನಾಚಿಕೆಯಿಂದ ಅಳು ನಿಲ್ಲಿಸುತ್ತಿದ್ದೆ.

ಅವಳಿಗೂ ಕಾಯಿಲೆ ಇತ್ತು. ಸಕ್ಕರೆ ಕಾಯಿಲೆ. ಮಾತ್ರೆಗಳು ಅಡುಗೆಮನೆಯ ಗೂಡಿನಲ್ಲಿ, ಹುಣಸೆಹಣ್ಣಿನ ಭರಣಿಯ ಹಿಂದೆ ಇರುತ್ತಿದ್ದವು. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ಮನೆಯೊಳಗೂ ಚಪ್ಪಲಿ ಹಾಕಬೇಕು ಎಂದು ಊರಿನ ಡಾಕ್ಟರು ಹೇಳಿದ್ದರು. ಮನೆಯೊಳಗೆ ಚಪ್ಪಲಿ ಎಂಬ ಮಾತಿಗೆ ಅಜ್ಜಿ ಒಂದು ವಾರ ನಕ್ಕಿದ್ದಳು.

ಆ ವರ್ಷದ ತಪಸ್ಸು ಕಾಲ, ಅಂದರೆ ಈಸ್ಟರಿನ ಮೊದಲಿನ ನಲವತ್ತು ದಿನ, ಬೂದಿ ಬುಧವಾರದಂದು ಶುರುವಾಯಿತು. ಪಾದ್ರಿಗಳು ಹಣೆಗೆ ಹಚ್ಚಿದ ಬೂದಿಯೊಂದಿಗೆ ಮನೆಗೆ ಬಂದ ಅಮ್ಮ ತನ್ನ ಚಪ್ಪಲಿಗಳನ್ನು ತೊಳೆದು, ಒರೆಸಿ, ಜಗಲಿಯ ಬೆಂಚಿನ ಕೆಳಗೆ ಇಟ್ಟಳು. ಎಲ್ಲರ ಮನೆಯಲ್ಲೂ ಏನಾದರೊಂದನ್ನು ಬಿಡುತ್ತಿದ್ದರು. ನಾವು ಮೀನು ಬಿಡುತ್ತಿದ್ದೆವು. ಕಾಪುವಿನಿಂದ ಸೈಕಲಿನಲ್ಲಿ ಬೂತಾಯಿ ಮೀನು ತರುವವನು ನಮ್ಮ ಗೇಟಿನ ಮುಂದೆ ಬೇಕೆಂದೇ ಎರಡು ಸಲ ಹಾರ್ನ್ ಒತ್ತಿ ನಗುತ್ತಾ ಹೋಗುತ್ತಿದ್ದ. ಗಂಜಿಗೆ ಉಪ್ಪಿನಕಾಯಿ, ತೊಂಡೆಕಾಯಿ, ಮತ್ತೆ ಗಂಜಿ. ಆದರೆ ಅಮ್ಮನದ್ದು ಬರೇ ಬಿಡುವುದಲ್ಲ, ಹರಕೆ. ಈಸ್ಟರಿನವರೆಗೆ ಬರಿಗಾಲು, ಶುಕ್ರವಾರ ಒಂದೇ ಊಟ, ದಿನಾ ಎರಡು ಮೈಲಿ ನಡೆದು ಬೆಳಗಿನ ಪೂಜೆ. ಪ್ರತಿಯಾಗಿ ನನ್ನ ಎದೆಯ ಶಬ್ದ ನಿಲ್ಲಬೇಕು.

ನೆರೆಮನೆಯ ಕಮಲಕ್ಕ ಬೀಡಿ ಕಟ್ಟುತ್ತಿದ್ದವರು, ತುಳು ಮನೆಮಾತಿನವರು. ಬೇಲಿಯ ಆಚೆಯಿಂದ ಅವರಿಗೆ ಕಾಣದ್ದು ಯಾವುದೂ ಇರಲಿಲ್ಲ. ಅಮ್ಮನನ್ನು ಅವರು ಬಾಯಮ್ಮ ಎಂದು ಕರೆಯುತ್ತಿದ್ದರು.

"ಎಂತ ಬಾಯಮ್ಮ, ನಿಮ್ಮ ದೇವರಿಗೆ ಚಪ್ಪಲಿ ಕಂಡ್ರೆ ಆಗುವುದಿಲ್ವಾ?"

"ನನಗೆ ಆಗುವುದಿಲ್ಲ ಈಗ."

"ಮಾರ್ಚಿ ತಿಂಗಳ ಡಾಮರು ಮಾರಾಯ್ತಿ. ಅದರ ಮೇಲೆ ಹಪ್ಪಳ ಇಟ್ಟರೆ ಸುಟ್ಟು ಹೋಗ್ತದೆ. ನಮ್ಮ ದೈವ ಕೂಡ ಹೀಗೆಲ್ಲ ಕೇಳುವುದಿಲ್ಲಪ್ಪ, ಒಂದು ಕೋಳಿ ಕೊಟ್ಟರೆ ಮುಗೀತು."

"ಕೋಳಿ ನಿಮ್ಮ ಕೋಳಿ ಕಮಲಕ್ಕ. ಮಗ ನನ್ನ ಮಗ."

ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ, ಯಾಕೆಂದರೆ ಹರಕೆ ನನಗಾಗಿ ಎಂದು ನನಗೆ ಗೊತ್ತಾದದ್ದೇ ಆಗ. ಇಂಥ ಸ್ಪಷ್ಟತೆಯನ್ನೇ ಹೆಚ್ಚು ಅನುಮಾನಿಸಬೇಕು ಎಂದು ನನ್ನ ಓದು ಹೇಳುತ್ತದೆ. ಇರಲಿ.

ನಾಲ್ಕನೆಯ ಶನಿವಾರ ಇರಬೇಕು. ಬಚ್ಚಲಿನಲ್ಲಿ ನನ್ನ ತಲೆಯ ಮೇಲಿನಿಂದ ಸುರಿದ ನೀರು ಕಲ್ಲಿನ ಮೇಲೆ ಹರಿದು ಅವಳ ಪಾದಗಳ ಸುತ್ತ ನಿಂತು ಮೋರಿಗೆ ಹೋಗುತ್ತಿತ್ತು. ಕಣ್ಣಿನ ಸಾಬೂನು ಒರೆಸಿಕೊಂಡು ನಾನು ಕೆಳಗೆ ನೋಡಿದೆ. ಎಡಗಾಲಿನ ಕಡೆಯಿಂದ ಹೋಗುವ ನೀರು ಕೆಂಪಗಿತ್ತು. ಕಿರುಬೆರಳಿನ ಬುಡದಲ್ಲಿ ಚರ್ಮ ಬೆಳ್ಳಗೆ ನೆನೆದು, ಅದರ ನಡುವೆ ನಾಲ್ಕಾಣೆಯಷ್ಟು ದೊಡ್ಡ ತೂತು.

"ಮಮ್ಮಿ, ಕಾಲು."

ಅವಳು ಬಗ್ಗಿ ನೋಡಿದಳು. ಬೆರಳಿನಿಂದ ಒತ್ತಿದಳು. ಏನೋ ದ್ರವ ಬಂತು. ಅವಳ ಮುಖದಲ್ಲಿ ನೋವು ಕಾಣಬೇಕಿತ್ತು. ನಾನು ಕಂಡದ್ದು ಆಶ್ಚರ್ಯ. ಇನ್ನೊಮ್ಮೆ, ಜೋರಾಗಿ ಒತ್ತಿದಳು. ಆಮೇಲೆ ಮೆಲ್ಲಗೆ ನಕ್ಕಳು.

"ನೋಡು, ನೋಯುವುದೇ ಇಲ್ಲ. ಒಂಚೂರೂ ಇಲ್ಲ. ದೇವರು ನೋವನ್ನು ತೆಗೆದುಬಿಟ್ಟಿದ್ದಾನೆ ಪುತಾ. ಹರಕೆ ತಲುಪಿದೆ."

ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಕೊಲ್ಲುತ್ತದೆ, ಸತ್ತ ನರಕ್ಕೆ ನೋವು ತಿಳಿಯುವುದಿಲ್ಲ ಎಂದು ಇವತ್ತು ಯಾವ ಶಾಲೆಯ ಮಗುವೂ ಹೇಳಬಹುದು. ಆಗ ನಮ್ಮ ಬಚ್ಚಲಿನಲ್ಲಿ ಅದನ್ನು ಹೇಳುವವರಿರಲಿಲ್ಲ. ಕಾಯಿಲೆಯ ಅತ್ಯಂತ ಕೆಟ್ಟ ಲಕ್ಷಣವನ್ನು ನನ್ನ ಅಮ್ಮ ಕೃಪೆಯ ಗುರುತು ಎಂದು ಓದಿದಳು. ಮತ್ತೆ ಅವಳು ಹೇಳಿದಳು ಎಂದು ನನ್ನ ನೆನಪು:

"ಯಾರ ಹತ್ರವೂ ಹೇಳಬೇಡ. ಈಸ್ಟರ್ ಆಗಲಿ. ನಡುವೆ ಮುರಿದರೆ ಹರಕೆ ನಿಲ್ಲುವುದಿಲ್ಲ."

ಹೇಳಿದಳೇ? ಇದೇ ನನ್ನ ಗಂಟಲಲ್ಲಿ ಸಿಕ್ಕಿದ ಮುಳ್ಳು. ಅವಳು ಹೇಳಿದ್ದರೆ ನಾನು ಅಮ್ಮನ ಮಾತು ಕೇಳಿದ ಮಗ. ಹೇಳದಿದ್ದರೆ, ಆ ವಾಕ್ಯವನ್ನು ನಾನು ಆಮೇಲೆ ಹೊಲಿದುಕೊಂಡಿದ್ದರೆ, ಹಾಗಾದರೆ ಸುಮ್ಮನಿದ್ದದ್ದು ನನ್ನ ನಿರ್ಧಾರ. ಸುಮ್ಮನಿರಲು ನನಗೆ ಕಾರಣವಿತ್ತು. ಒಂಬತ್ತು ವರ್ಷದವನ ಲೆಕ್ಕ ಸುಲಭದ್ದು: ಹರಕೆ ಮುರಿದರೆ ಎದೆಯ ಶಬ್ದ ನಿಲ್ಲುವುದಿಲ್ಲ, ಎದೆಯೇ ನಿಲ್ಲುತ್ತದೆ. ಶಾಲೆಯಲ್ಲಿ ಬೆಂಚಿನ ಕೆಳಗೆ ಕೈ ಇಟ್ಟುಕೊಂಡು ನಾಡಿ ಎಣಿಸುತ್ತಿದ್ದೆ. ಅಮ್ಮ ಒಂದೊಂದು ದಿನ ನಡೆದಂತೆ ನನ್ನ ನಾಡಿ ಗಟ್ಟಿಯಾಗುತ್ತಿದೆ ಅನ್ನಿಸುತ್ತಿತ್ತು. ಅದೇ ಹೊತ್ತಿಗೆ ಅವಳ ಕಾಲು ಹಾಳಾಗುತ್ತಿದೆ ಎಂದೂ ಗೊತ್ತಿತ್ತು. ಅಡುಗೆಮನೆಯ ಕೆಂಪು ಕಾವಿ ನೆಲದ ಮೇಲೆ ಅವಳು ನಡೆದುಹೋದ ಮೇಲೆ ನಾನು ಮೊಣಕಾಲೂರಿ ಒದ್ದೆ ಉಂಟಾ ಎಂದು ಮುಟ್ಟಿ ನೋಡುತ್ತಿದ್ದೆ. ಕೆಂಪು ನೆಲ ಏನನ್ನೂ ತೋರಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳ ಚಪ್ಪಲಿಗಳನ್ನು ಶಾಲೆಯ ಚೀಲದಲ್ಲಿ ಹಾಕಿಕೊಂಡು ಅವಳ ಹಿಂದೆಯೇ ಪೂಜೆಗೆ ಹೋದೆ. ಪೂಜೆ ಮುಗಿದು ಅವಳು ಮೆಟ್ಟಿಲಿಳಿಯುವಾಗ ಅವುಗಳನ್ನು ಅವಳ ಮುಂದೆ ಇಟ್ಟೆ.

"ಬರುವಾಗ ಮಾತ್ರ ಹಾಕು ಮಮ್ಮಿ. ಹೋಗುವಾಗ ಬೇಡ. ಅರ್ಧ ಹರಕೆ."

ಅವಳು ಚಪ್ಪಲಿಗಳನ್ನು ಎತ್ತಿ, ಮಣ್ಣು ಕೊಡವಿ, ನನ್ನ ಚೀಲಕ್ಕೇ ಹಾಕಿದಳು.

"ಅರ್ಧ ಹೃದಯ ಕೊಟ್ಟರೆ ನಿನಗೆ ಸಾಕಾ?"

ಇದು ನಡೆದದ್ದು ನಿಜ. ಆದರೆ ಇದನ್ನು ನೋಡಿದವರು ನಾವಿಬ್ಬರೇ.

ಕೊನೆಯ ವಾರ ಬಂತು. ಯೇಸು ತನ್ನ ಶಿಷ್ಯರ ಕಾಲು ತೊಳೆದ ದಿನ ಪವಿತ್ರ ಗುರುವಾರ. ಆ ದಿನ ಇಗರ್ಜಿಯಲ್ಲಿ ಪಾದ್ರಿಗಳು ಹನ್ನೆರಡು ಮಂದಿ ಗಂಡಸರನ್ನು ಸಾಲಾಗಿ ಕೂರಿಸಿ ಅವರ ಪಾದ ತೊಳೆದು, ಒರೆಸಿ, ಮುತ್ತಿಡುತ್ತಿದ್ದರು. ಒಂದೊಂದು ಕಾಲು ಮಾತ್ರ, ಬಲಗಾಲು. ನಮ್ಮ ಅಜ್ಜಿಗೆ ಇದರ ಮೇಲೊಂದು ತಕರಾರಿತ್ತು. "ಗಂಡಸರ ಕಾಲು ತೊಳೀಲಿಕ್ಕೆ ಪಾದ್ರಿಗಳು ಉಂಟು. ದಿನವಿಡೀ ನಿಲ್ಲುವ ಹೆಂಗಸರದ್ದು ಯಾರು ತೊಳೀತಾರೆ?" ಎಂದು, ಇಗರ್ಜಿಯಿಂದ ಬಂದ ಮೇಲೆ ಸಂಜೆ ಮನೆಯಲ್ಲೇ, ದೇವರ ಪೀಠದ ಮುಂದೆ, ಮನೆಯವರೆಲ್ಲರ ಕಾಲು ತೊಳೆಯುವ ಪದ್ಧತಿ ತಾನೇ ಹುಟ್ಟುಹಾಕಿದ್ದಳು. ಆದರೆ ಪಾದ್ರಿಗಳು ಮಾಡಿದ ಹಾಗೆಯೇ ಮಾಡಬೇಕು. ಒಂದು ಹನಿ ಆಚೀಚೆ ಆಗಬಾರದು.

ಅಜ್ಜಿ ನೆಲದ ಮೇಲೆ ಕೂತಿದ್ದಳು. ಮುಂದೆ ಬೋಗುಣಿ. ಅದು ನನಗೆ ಹಿತ್ತಾಳೆಯದಾಗಿ ಕಾಣುತ್ತದೆ. ಗ್ರೇಸಿ ನೀಲಿ ಅಂಚಿನ ಬಿಳಿ ಎನಾಮಲ್ ಎನ್ನುತ್ತಾಳೆ. ಚೊಂಬಿನಿಂದ ನೀರು ಹೊಯ್ಯುವ ಕೆಲಸ ನನ್ನದು, ಒರೆಸುವ ಬೈರಾಸು ಗ್ರೇಸಿಯ ಕೈಯಲ್ಲಿ. ಮೊದಲು ಗ್ರೇಸಿಯದ್ದು, ಆಮೇಲೆ ನನ್ನದು ಆಯಿತು. ಅಮ್ಮ ಸ್ಟೂಲಿನ ಮೇಲೆ ಕುಳಿತು ಸೀರೆಯ ನೆರಿಗೆಯ ಕೆಳಗಿನಿಂದ ಬಲಗಾಲು ಚಾಚಿದಳು. ಎಡಗಾಲಿಗೆ ಹಳೆಯ ಬಟ್ಟೆ ಸುತ್ತಿದ್ದದ್ದು ನನಗೆ ಗೊತ್ತಿತ್ತು. ನೆರಿಗೆ ಅದನ್ನು ಮುಚ್ಚಿತ್ತು.

"ಸೆವ್ರಿನ್, ನಿನ್ನ ಕಾಲು ಎಂತ ಹೀಗೆ ಕಾದಿದೆ?" ಅಜ್ಜಿ ಅಮ್ಮನನ್ನು ಕೇಳಿದಳು.

"ನಡೆದು ಬಂದದ್ದಲ್ವಾ ಮಾಯ್."

ಅತ್ತೆಯನ್ನು ಅವಳು ಮಾಯ್ ಎಂದೇ ಕರೆಯುತ್ತಿದ್ದದ್ದು, ಕೇಳಿ ಕೇಳಿ ನಾವೂ ಹಾಗೆಯೇ. ಅಜ್ಜಿ ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. ನಾನು ನೀರು ಹೊಯ್ದೆ. ಅಜ್ಜಿಯ ಕೈಯಿಂದ ಒಂದು ಗೇಣು ಆಚೆ, ಸೀರೆಯ ಕೆಳಗೆ, ಇನ್ನೊಂದು ಕಾಲಿತ್ತು. ಒಂದೇ ಮಾತು ಸಾಕಿತ್ತು. 'ಅದನ್ನೂ ತೊಳೆ' ಎಂದರೆ ಸಾಕಿತ್ತು. ಅದು ಹರಕೆ ಮುರಿಯುವ ಮಾತು ಕೂಡ ಅಲ್ಲ. ಅಮ್ಮ ನನ್ನನ್ನು ನೋಡಿದಳು. ಬೇಡ ಎನ್ನುವ ನೋಟವೋ, ಹೇಳಿಬಿಡು ಎಂದು ಬೇಡುವ ನೋಟವೋ, ನಾನು ನಲವತ್ತು ವರ್ಷದಿಂದ ಆ ಮುಖವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಚೊಂಬು ಖಾಲಿಯಾಯಿತು. ಅಜ್ಜಿ ಬಗ್ಗಿ ಪಾದಕ್ಕೆ ಮುತ್ತಿಟ್ಟಳು.

ಶುಕ್ರವಾರ ಅಮ್ಮ ಜನರೊಂದಿಗೆ, ಯೇಸು ಶಿಲುಬೆ ಹೊತ್ತದ್ದನ್ನು ನೆನೆಯುವ ಶಿಲುಬೆಯ ಹಾದಿ ನಡೆದಳು, ಸುಡುವ ಮಧ್ಯಾಹ್ನದಲ್ಲಿ, ಹದಿನಾಲ್ಕು ಕಡೆ ಮೊಣಕಾಲೂರಿ. ಶನಿವಾರ ಜ್ವರ ಬಂತು. ಉಪವಾಸದ ಸುಸ್ತು ಎಂದು ಅಜ್ಜಿ ಗಂಜಿ ಕುಡಿಸಿದಳು. ಭಾನುವಾರ ಈಸ್ಟರ್. ನಾನು ಮತ್ತು ಗ್ರೇಸಿ ಪೂಜೆಗೆ ಹೋಗಿ ಬಂದೆವು, ಅಮ್ಮ ಏಳಲಿಲ್ಲ. ಹಂದಿ ಮಾಂಸದ ಪರಿಮಳ, ಸಣ್ಣ ಎಂಬ ಹಬ್ಬದ ಇಡ್ಲಿಗಳ ಹಬೆ, ಅದರ ನಡುವೆ ಬೇರೆ ಏನೋ ಒಂದು ವಾಸನೆ. ಹಬ್ಬ ಎಂದು ಮಾತಾಡಿಸಲು ಬಂದ ಕಮಲಕ್ಕ ಕೋಣೆಯ ಬಾಗಿಲಲ್ಲೇ ನಿಂತರು.

"ಎಂತ, ಅಟ್ಟದಲ್ಲಿ ಇಲಿ ಸತ್ತಿದೆಯಾ?"

ಅವರು ಒಳಗೆ ಬಂದು ಹೊದಿಕೆ ಎತ್ತಿದರು. ಸುತ್ತಿದ ಬಟ್ಟೆ ಬಿಚ್ಚಿದರು. ಬೆರಳುಗಳು ಕಪ್ಪಾಗಿದ್ದವು, ಕಪ್ಪು ಪಾದದ ಮೇಲಿನವರೆಗೆ ಏರಿತ್ತು. ಕಮಲಕ್ಕ ಅಜ್ಜಿಯನ್ನು ಬೈಯಲಿಲ್ಲ, ಅಳಲೂ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೆ ಓಡಿ, ಹಬ್ಬಕ್ಕೆ ಬಂದಿದ್ದ ಯಾರದ್ದೋ ಕಾರನ್ನು ಅಡ್ಡ ಹಾಕಿ ನಿಲ್ಲಿಸಿದರು.

ಮಣಿಪಾಲದಲ್ಲಿ, ನನ್ನ ಎದೆ ನೋಡುತ್ತಿದ್ದ ಅದೇ ಆಸ್ಪತ್ರೆಯಲ್ಲಿ, ಬೇರೊಬ್ಬ ಡಾಕ್ಟರು ಹೊರಗೆ ಬಂದು ಅಜ್ಜಿಯನ್ನು ಕೇಳಿದರು.

"ಇದು ಒಂದು ದಿನದ್ದಲ್ಲ ಅಜ್ಜಿ. ಮನೆಯಲ್ಲಿ ಯಾರೂ ನೋಡಲಿಲ್ಲವಾ?"

"ನಾನೇ ಕಾಲು ತೊಳೆದದ್ದು ಡಾಕ್ಟ್ರೆ, ಗುರುವಾರ. ಎಂತದೂ ಇರಲಿಲ್ಲ."

"ಗುರುವಾರ? ಈ ಕಾಲು?"

"ಆ ಕಾಲಲ್ಲ. ಬಲದ್ದು."

"ಮತ್ತೆ ಎಡದ್ದು?"

"ನಮ್ಮಲ್ಲಿ ಒಂದೇ ಕಾಲು ತೊಳೆಯುವುದು" ಎಂದಳು ಅಜ್ಜಿ. ಹೇಳುತ್ತಿರುವಾಗಲೇ ಅವಳಿಗೆ ಅರ್ಥವಾಯಿತು. ಬೆಂಚಿನ ಮೇಲೆ ಕುಳಿತಳು. ಆ ಸಂಜೆಯವರೆಗೆ ಏಳಲಿಲ್ಲ. ಮುಂದೆ ಅವಳು ಬದುಕಿದ ಅಷ್ಟೂ ವರ್ಷ ನಮ್ಮ ಮನೆಯಲ್ಲಿ ಗುರುವಾರ ಯಾರೂ ಯಾರ ಕಾಲನ್ನೂ ತೊಳೆಯಲಿಲ್ಲ.

ಮೊಣಕಾಲಿನ ಕೆಳಗೆ ಕತ್ತರಿಸಿದರು. ಎಂಟನೆಯ ದಿನವೋ ಏನೋ, ನಮ್ಮ ಇಗರ್ಜಿಯ ವಿಗಾರರು ವಾರ್ಡಿಗೆ ಬಂದರು. ವಿಗಾರರೆಂದರೆ ಮುಖ್ಯ ಪಾದ್ರಿ. ದಪ್ಪ ಕನ್ನಡಕದ, ಸಿಡುಕು ಸ್ವಭಾವದ ಮನುಷ್ಯ. ಅಮ್ಮ ಅವರ ಆಶೀರ್ವಾದ ಕೇಳಲಿಲ್ಲ. ಪ್ರಶ್ನೆ ಕೇಳಿದಳು.

"ಫಾದರ್, ಈಸ್ಟರಿನವರೆಗೆ ನಾನು ಮುರಿಯಲಿಲ್ಲ. ನನ್ನ ಹರಕೆ ಸಂದಿದೆಯಾ?"

ಅವರು ಕನ್ನಡಕ ತೆಗೆದು ಒರೆಸಿದರು.

"ಮಗನಿಗೆ ಇಂಜೆಕ್ಷನ್ ತಪ್ಪಿಸಿದ್ದುಂಟಾ?"

"ಇಲ್ಲ ಫಾದರ್. ಒಂದೂ ಇಲ್ಲ."

"ಆ ಮದ್ದು ಯಾರು ಕೊಟ್ಟದ್ದು?"

"ದೇವರು."

"ನಿನ್ನ ಮಾತ್ರೆ ಯಾರು ಕೊಟ್ಟದ್ದು? ನಿನ್ನ ಚಪ್ಪಲಿ? ಒಂದು ಕೈಯಿಂದ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಅವನ ಮುಖಕ್ಕೇ ಎಸೆದದ್ದು ಯಾಕೆ?" ಅವರ ದನಿ ನಡುಗುತ್ತಿತ್ತು, ಸಿಟ್ಟಿಗೆ ಎಂದು ನಾನು ಆಗ ತಿಳಿದೆ. "ಮಗನ ಮೈ ದೇವರದ್ದು, ನಿನ್ನದು ಮಾತ್ರ ನಿನ್ನ ಸ್ವಂತದ್ದಾ ಸೆವ್ರಿನ್? ನಾನು ಪೀಠದ ಮೇಲಿಂದ ತಪಸ್ಸು, ತಪಸ್ಸು ಅಂತ ಕೂಗಿದ್ದು ಇದಕ್ಕಲ್ಲ. ಆದರೆ ಕೂಗಿದ್ದು ಹೌದು."

ಮತ್ತೆ ಅವರು, ಏನೂ ಪ್ರಾರ್ಥಿಸದೆ, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

ಮನೆಗೆ ಬಂದ ಅಮ್ಮ ಬದಲಾಗಿದ್ದಳು, ಆದರೆ ನಾನು ಹೆದರಿದ ಹಾಗೆ ಅಲ್ಲ. ದೇವರನ್ನು ಬಿಡಲಿಲ್ಲ. ಸಂಜೆ ಜಪಸರದ ಹೊತ್ತಿಗೆ, ನಾವೆಲ್ಲ ಪೀಠದ ಮುಂದೆ ಕೂತಾಗ, ಉಳಿದ ಒಂದು ಕಾಲನ್ನು ಎತ್ತಿ ಕೈಗನ್ನಡಿ ಹಿಡಿದು ಅಡಿ ನೋಡುತ್ತಿದ್ದಳು. ಬೆರಳಿನ ಸಂದು ಒಂದೊಂದನ್ನೂ ಅಗಲಿಸಿ. ಬಾಯಿ ಜಪ ಹೇಳುತ್ತಲೇ ಇರುತ್ತಿತ್ತು. ಮಾತ್ರೆಯನ್ನು ಶಿಲುಬೆಯ ಗುರುತು ಹಾಕಿಕೊಂಡು ನುಂಗುತ್ತಿದ್ದಳು. ಮುಂದೆ ತಪಸ್ಸು ಕಾಲ ಬಂದಾಗಲೆಲ್ಲ ಕೃತಕ ಕಾಲಿನಲ್ಲಿ ಕುಂಟುತ್ತಾ ಸಕ್ಕರೆ ಕಾಯಿಲೆಯ ಹೆಂಗಸರ ಮನೆಗಳಿಗೆ ಹೋಗಿ, "ಎರಡೂ ಕಾಲು ತೋರಿಸು" ಎಂದು ಜಗಲಿಯಲ್ಲಿ ಕೂರುತ್ತಿದ್ದಳು. ತೋರಿಸದೆ ಎಬ್ಬಿಸಲು ಸಾಧ್ಯವಿರಲಿಲ್ಲ. ನನ್ನ ಎದೆಯ ಶಬ್ದ ವರ್ಷಗಳ ಮೇಲೆ ಕ್ಷೀಣವಾಗಿ, ಕೊನೆಗೆ ಕೇಳಿಸದಾಯಿತು. ಪೆನಿಸಿಲಿನ್‌ನಿಂದ ಎಂದು ನಾನು ಹೇಳುತ್ತೇನೆ. ಇಪ್ಪತ್ತರ ವಯಸ್ಸಿಗೆ ನಾನು ಪೂಜೆಗೆ ಹೋಗುವುದನ್ನು ಬಿಟ್ಟೆ. ಅಮ್ಮ ಜಗಳವಾಡಲಿಲ್ಲ, "ಮೈ ನೋಡಿಕೋ, ಅಷ್ಟು ಮಾಡು" ಎಂದಳು. ನಾನು ಅದನ್ನೂ ಸರಿಯಾಗಿ ಮಾಡಲಿಲ್ಲ.

ಅವಳು ಒಂದು ಸಲವೂ ಆ ಗುರುವಾರದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಗ್ರೇಸಿಯನ್ನು ಮಾತ್ರ ಕೇಳಿದೆ, ಎಷ್ಟೋ ವರ್ಷಗಳ ನಂತರ.

"ಆ ವರ್ಷ ಮಾಯ್ ಕಾಲೇ ತೊಳೆಯಲಿಲ್ಲ ಮಾರಾಯ. ಮಾಯ್ ಅಜೆಕಾರಿನಲ್ಲಿ ಅಪ್ಪನ ಮಾವನ ಮನೆಯಲ್ಲಿ ಇದ್ದದ್ದು. ಶುಕ್ರವಾರ ಬಂದದ್ದು."

"ಡಾಕ್ಟರ ಹತ್ರ ಹೇಳಿದ್ದು? ಬಲದ್ದು ತೊಳೆದೆ ಅಂತ?"

"ಅದು ನಾನು ಕೇಳಲಿಲ್ಲ. ನೀನು ಓದಿದವ, ನೀನೇ ಹೇಳು, ಒಂಬತ್ತು ವರ್ಷದವನ ನೆನಪು ಎಷ್ಟು ಗಟ್ಟಿ?"

ಗುರುವಾರವೇ ಇರಲಿಲ್ಲ ಎಂದರೆ ನನ್ನ ಅಪರಾಧದ ಅರ್ಧ ಹೋಗುತ್ತದೆ. ನಾನು ಖುಷಿಪಡಬೇಕಿತ್ತು. ಬದಲಿಗೆ ಯಾರೋ ನನ್ನ ಕಾಲಡಿಯ ಹಲಗೆ ಎಳೆದಂತಾಯಿತು. ನೀರಿನ ಸದ್ದು, ಅಜ್ಜಿಯ ತುಟಿ ಪಾದಕ್ಕೆ ತಾಗಿದ ಸದ್ದು, ಇವೆಲ್ಲ ಹಿಂದಿನ ವರ್ಷದ್ದೇ? ಒಬ್ಬ ಮನುಷ್ಯ ತನ್ನ ಇಡೀ ಬದುಕನ್ನು ನಡೆಯದ ಒಂದು ಸಂಜೆಯ ಮೇಲೆ ಕಟ್ಟಿಕೊಳ್ಳಬಹುದೇ? ಕಟ್ಟಿಕೊಳ್ಳಬಹುದು ಎಂದು ನಾನೇ ಪಾಠ ಮಾಡುತ್ತೇನೆ.

ಅಮ್ಮನ ಮೂತ್ರಪಿಂಡ ಸೋತದ್ದು ಎರಡು ವರ್ಷದ ಹಿಂದೆ. ಕಾರ್ಕಳದಲ್ಲಿ ಗ್ರೇಸಿಯ ಮನೆಯಲ್ಲಿದ್ದಳು. ಇನ್ನು ಆಸ್ಪತ್ರೆ ಬೇಡ ಎಂದು ಡಾಕ್ಟರೇ ಹೇಳಿದ ಮೇಲೆ ನಾನು ನಿಟ್ಟೆಯ ಬಾಡಿಗೆ ಮನೆಯಿಂದ ದಿನಾ ಬರುತ್ತಿದ್ದೆ. ಮೈ ಒರೆಸುವುದು, ಬೆನ್ನಿಗೆ ಪೌಡರು ಹಾಕಿ ಮಗ್ಗುಲು ಬದಲಿಸುವುದು, ಉಗುರು ಕತ್ತರಿಸುವುದು ನನ್ನ ಪಾಲಿನ ಕೆಲಸ. ಒಂದು ದಿನ ಬೆಳಿಗ್ಗೆ ಅಲ್ಲಿಯ ಇಗರ್ಜಿಯ ಎಳೆಯ ಪಾದ್ರಿಯೊಬ್ಬರು ಬಂದು ಅವಳ ಪಾಪನಿವೇದನೆ ಕೇಳಿ, ದೇವರ ಹೆಸರಿನಲ್ಲಿ ಕ್ಷಮೆ ಕೊಟ್ಟು, ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ಹೋದರು. ಆ ಮಧ್ಯಾಹ್ನ ಗ್ರೇಸಿ ಅಡುಗೆಮನೆಯಲ್ಲಿದ್ದಾಗ ನಾನು ಅವಳ ಕಾಲು ಒರೆಸುತ್ತಾ ಕೇಳಿಬಿಟ್ಟೆ. ಇನ್ನು ದಿನಗಳಿಲ್ಲ ಎಂದು ಗೊತ್ತಿತ್ತು. ಸಾಯುವವಳಿಗೆ ಕೇಳುವ ಪ್ರಶ್ನೆಯಲ್ಲ ಎಂದೂ ಗೊತ್ತಿತ್ತು.

"ಮಮ್ಮಿ, ಕಾಲು ಹೋದ ವರ್ಷ, ಗುರುವಾರ ಮಾಯ್ ಕಾಲು ತೊಳೆದಾಗ ನನಗೆ ಎಲ್ಲ ಗೊತ್ತಿತ್ತು. ನಾನು ಹೇಳಲಿಲ್ಲ ಅಲ್ವಾ?"

ಅವಳು ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿದೆ ಎಂದುಕೊಂಡೆ.

"ಹೇಳಿದ್ದಿ" ಎಂದಳು.

"ಯಾರಿಗೆ?"

"ಮಾಯ್‌ಗೆ. ಆ ದಿನ ಬೆಳಿಗ್ಗೆಯೇ ಹೇಳಿದ್ದಿ. ಮಾಯ್ ಬಂದು ಕೇಳಿದರು ನನ್ನ ಹತ್ರ. ಮುಳ್ಳು ಚುಚ್ಚಿದ್ದು, ಗುಣ ಆಗಿದೆ ಅಂತ ನಾನೇ ಸುಳ್ಳು ಹೇಳಿ ಕಳಿಸಿದೆ. ನಿನ್ನದು ಅದರಲ್ಲಿ ಎಂತದೂ ಇಲ್ಲ."

ಒಂದು ಕ್ಷಣ, ಒಂದೇ ಕ್ಷಣ, ನಾನು ಅದನ್ನು ನಂಬಿದೆ; ಒಂಬತ್ತರ ವಯಸ್ಸಿನಿಂದ ಹೊತ್ತದ್ದನ್ನು ಕೆಳಗಿಟ್ಟೆ. ಆಮೇಲೆ ಅಭ್ಯಾಸದ ಹಾಗೆ ಪರೀಕ್ಷಿಸತೊಡಗಿದೆ. ಹೇಳಿದ್ದರೆ ನನಗೆ ಅದರ ಒಂದು ಚೂರೂ ಯಾಕೆ ನೆನಪಿಲ್ಲ? ಗೊತ್ತಿದ್ದರೆ ಅಜ್ಜಿ ಡಾಕ್ಟರ ಮುಂದೆ ಹಾಗೆ ಯಾಕೆ ಕುಸಿದಳು? ಕೇಳೋಣವೆಂದರೆ ಅಜ್ಜಿ ಮಣ್ಣಾಗಿ ಇಪ್ಪತ್ತು ವರ್ಷ.

ಮರುದಿನ ನಾನು ಬರುವಷ್ಟರಲ್ಲಿ ಮನೆಯಲ್ಲಿ ಸಣ್ಣ ಜಗಳ ನಡೆಯುತ್ತಿತ್ತು.

"ನಿನ್ನೆ ತಾನೇ ಬಂದು ಹೋದದ್ದಲ್ವಾ ಮಮ್ಮಿ ಆ ಫಾದರ್" ಎನ್ನುತ್ತಿದ್ದಳು ಗ್ರೇಸಿ. "ಮಲಗಿದಲ್ಲಿಗೆ ಒಂದು ದಿನದಲ್ಲಿ ನೀನು ಎಂತ ಪಾಪ ಮಾಡಿದ್ದು? ಜನ ನಗ್ತಾರೆ."

"ಒಂದು ಉಂಟು. ನೀನು ಫೋನ್ ಮಾಡು."

ಅವಳು ನನ್ನ ಕಡೆ ನೋಡಲಿಲ್ಲ.

ಪಾದ್ರಿ ಸ್ಕೂಟರಿನಲ್ಲಿ ಬಂದರು. ಗೇಟು ತೆರೆದದ್ದು ನಾನೇ. ಅವರು ಒಳಗೆ ಹೋಗಿ ಕೋಣೆಯ ಬಾಗಿಲು ಎಳೆದುಕೊಂಡರು. ನಾನು ಅಂಗಳದಲ್ಲಿ, ಕಿಟಕಿಯಿಂದ ದೂರ ನಿಂತೆ. ಮಾತು ಕೇಳಿಸೀತು ಎಂಬ ಭಯ, ಕೇಳಿಸಲಿ ಎಂಬ ಆಸೆ. ಪಾಪವನ್ನೂ ಕ್ಷಮೆಯನ್ನೂ ನಂಬದವನು ನಾನು. ಆದರೆ ಅವಳು ನಂಬಿದ್ದಳು. ಸುಳ್ಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಸಾಯಲು ಅವಳಿಗೆ ಆಗುತ್ತಿರಲಿಲ್ಲ. ಎರಡು ನಿಮಿಷವೂ ಆಗಿರಲಿಲ್ಲ, ಪಾದ್ರಿ ಹೊರಗೆ ಬಂದರು. ನನ್ನನ್ನು ನೋಡಿ ತಲೆಯಾಡಿಸಿದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಅವರು ಯಾರಿಗೂ ಹೇಳುವ ಹಾಗಿರಲಿಲ್ಲ. "ನಿಮ್ಮನ್ನು ಕರೀತಿದ್ದಾರೆ" ಎಂದರು.

ಒಳಗೆ ಹೋದೆ. ಅಮ್ಮ ಹಗುರಾಗಿದ್ದಳು. ಕೈ ಚಾಚಿದಳು, ಹಿಡಿದುಕೊಂಡೆ.

"ಇನ್ನು ಅದನ್ನು ಕೇಳಬೇಡ ಪುತಾ" ಎಂದಳು. "ಕೇಳಿದರೆ ನಾನು ಪುನಃ ಅದನ್ನೇ ಹೇಳುವುದು. ಆ ಫಾದರಿಗೆ ದಿನಾ ಸ್ಕೂಟರಿನಲ್ಲಿ ಬರಲಿಕ್ಕೆ ಕಷ್ಟ."